ಕಣ್ಣಳತೆಯಲ್ಲಿ ಒಂದು ಕೂಸು

ಮಾಸ್ಕ್ ಬಂದ ಮೊದಲ ತಿಂಗಳಲ್ಲೇ ನಾನು ಐದು ಜನರ ಜೊತೆ ಜಗಳ ಮಾಡಿಕೊಂಡೆ. ಹಾಲಿನ ಬೂತಿನವಳು, ಸೊಪ್ಪಿನ ಗಾಡಿಯವನು, ಪಡಿತರದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬ ಹಿರಿಯರು, ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಧಾರವಾಡದ ಕಡೆಯ ಮೇಷ್ಟ್ರು, ಕೊನೆಗೆ ಮೆಡಿಕಲ್ ಶಾಪಿನ ಹುಡುಗ. ಎಲ್ಲರ ಮೇಲೂ ನನ್ನದು ಒಂದೇ ದೂರು: ಇವರ್ಯಾರೂ ಬಾಯಿಬಿಟ್ಟು ಮಾತಾಡುತ್ತಿಲ್ಲ. ರೋಗದ ಭಯಕ್ಕೆ ಜನರ ಗಂಟಲೇ ಒಣಗಿಹೋಗಿದೆ, ಎಲ್ಲರೂ ಒಳಗೊಳಗೇ ಗೊಣಗುತ್ತಿದ್ದಾರೆ ಎಂದು ನಾನು ನಂಬಿದ್ದೆ.

“ಬಾಯಲ್ಲಿ ಏನ್ ಕಡುಬು ಇಟ್ಕೊಂಡಿದ್ದೀಯೇನಯ್ಯಾ? ಗಂಡಸಿನ ಥರ ಜೋರಾಗಿ ಹೇಳು!” ಎಂದು ಸೊಪ್ಪಿನವನಿಗೆ ಗದರಿದ್ದೆ. ಪಾಪ, ಅವನು ನಮ್ಮ ಇಡೀ ಸಿಂಗಾಪುರ ಬಡಾವಣೆಗೆ ಕೇಳುವ ಹಾಗೆ ಕೂಗಿಕೊಂಡು ಬಂದವನು. ನನ್ನ ಮುಖವನ್ನೇ ನೋಡಿ, ಕೊತ್ತಂಬರಿಯ ಕಟ್ಟೊಂದನ್ನು ಕೈಗಿಟ್ಟು, ಗಾಡಿ ತಳ್ಳಿಕೊಂಡು ಹೋದ. ಆಮೇಲೆ ಹದಿನೈದು ದಿನ ನಮ್ಮ ಬೀದಿಗೆ ತಲೆ ಹಾಕಲಿಲ್ಲ. ಮನೆಯವಳು ನನ್ನನ್ನು ಬೈದ ಬೈಗುಳ ಮಾತ್ರ ಒಂದಕ್ಷರ ಬಿಡದೆ ಕೇಳಿಸಿತು. ಮನೆಯೊಳಗೆ ಅವಳು ಮಾಸ್ಕ್ ಹಾಕುತ್ತಿರಲಿಲ್ಲವಲ್ಲ.

ನಿಜ ಹೊರಬಿದ್ದದ್ದು ಮೆಡಿಕಲ್ ಶಾಪಿನಲ್ಲಿ. ಬಿ.ಪಿ. ಮಾತ್ರೆ ಕೇಳಿದೆ. ಹಗ್ಗ ಕಟ್ಟಿದ ಆಚೆಯಿಂದ ಆ ಹುಡುಗ ಏನೋ ಹೇಳಿದ. ನಾನು “ಏನು?” ಎಂದೆ. ಮತ್ತೆ ಹೇಳಿದ. “ಏನಪ್ಪಾ?” ಎಂದೆ. ನಾಲ್ಕನೆಯ ಸಲಕ್ಕೆ ಅವನ ಸಹನೆ ಕೆಟ್ಟು ಮಾಸ್ಕನ್ನು ಸರ್ರನೆ ಗಲ್ಲಕ್ಕೆಳೆದು, “ಅಂಕಲ್, ಆ ಕಂಪನಿದು ಬರ್ತಿಲ್ಲ, ಬೇರೇದು ಕೊಡ್ಲಾ?” ಎಂದ. ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿಸಿತು. “ಹ್ಞೂಂ, ಕೊಡು” ಎಂದೆ. ಅವನು ಮಾಸ್ಕ್ ಮೇಲೇರಿಸಿ ಇನ್ನೇನೋ ಹೇಳಿದ. ಧ್ವನಿ ಮಾಯ! ಬಟ್ಟೆ ಇಳಿಸಿದರೆ ಮಾತು, ಏರಿಸಿದರೆ ಬರೀ ಗುಂಯ್ ಗುಂಯ್. ಮಾತ್ರೆಯ ಪೊಟ್ಟಣ ಹಿಡಿದುಕೊಂಡು ಆ ಹಗ್ಗದ ಮುಂದೆ ನಿಂತೇ ಇದ್ದೆ. ಹಿಂದಿನವರು ಭುಜ ತಟ್ಟಿದಾಗ ಎಚ್ಚರವಾಯಿತು.

ಗೊಣಗುತ್ತಿದ್ದದ್ದು ಯಾರೂ ಅಲ್ಲ, ನನ್ನ ಕಿವಿ ಹೋಗಿತ್ತು. ಇಷ್ಟು ವರ್ಷ ನಾನು ಜನರ ಮಾತನ್ನು ಕಿವಿಯಿಂದಲ್ಲ, ಕಣ್ಣಿಂದ ಕೇಳುತ್ತಿದ್ದೆ. ತುಟಿ ನೋಡಿ ಮಾತು ಹಿಡಿಯುತ್ತಿದ್ದೆ, ಹಾಗೆ ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಎಣಿಸಿದರು ಅಂತಾರಲ್ಲ, ಅದೇ ಕಥೆ.

ಇದಕ್ಕೆ ಕಾರಣ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ದುಡಿದವನು ನಾನು. ತಗಡಿನ ಹಾಳೆಯನ್ನು ಒಂದೇ ಏಟಿಗೆ ಆಕಾರಕ್ಕೆ ತರುವ ದೊಡ್ಡ ದೊಡ್ಡ ಯಂತ್ರಗಳು, ಒಂದರ ಪಕ್ಕ ಒಂದು. ಒಂದು ಏಟಿಗೆ ನೆಲ ನಡುಗುತ್ತಿತ್ತು, ಟಿಫನ್ ಕ್ಯಾರಿಯರಿನ ಮುಚ್ಚಳ ಕುಣಿಯುತ್ತಿತ್ತು. ಅಲ್ಲಿ ಬಾಯಿಂದ ಮಾತಾಡುವವನು ಮೂರ್ಖ. ನಾವೆಲ್ಲ ಕೈಯಿಂದ ಮತ್ತು ತುಟಿಯಿಂದ ಮಾತಾಡುತ್ತಿದ್ದೆವು. ತಲೆಯ ಮೇಲೆ ಬೆರಳು ಸುತ್ತಿಸಿದರೆ ಮ್ಯಾನೇಜರ್ ಬರುತ್ತಿದ್ದಾರೆ. ಮೀಸೆ ತಿರುವಿದರೆ ಫೋರ್‌ಮನ್. ಹೊಟ್ಟೆಯ ಮೇಲೆ ಅಂಗೈ ಸವರಿದರೆ ಕ್ಯಾಂಟೀನು. ಹಣೆಯ ಬೆವರು ಒರೆಸಿ ಎಸೆದಂತೆ ಮಾಡಿದರೆ ಶಿಫ್ಟು ಮುಗಿಯಿತು. ಬೈಯುವುದಕ್ಕೂ ಇತ್ತು, ಅದನ್ನು ಬರೆಯುವ ಹಾಗಿಲ್ಲ. ಮದುವೆ, ಗೃಹಪ್ರವೇಶ, ಮಗಳ ಫಸ್ಟ್ ಕ್ಲಾಸು, ಎಲ್ಲ ಸುದ್ದಿಯೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಬರೀ ಕೈಯಲ್ಲೇ ದಾಟುತ್ತಿತ್ತು.

ಕಿವಿಗೆ ತುರುಕಿಕೊಳ್ಳಲು ಬಿರಡೆ ಕೊಟ್ಟಿದ್ದರು, ಸುಳ್ಳು ಹೇಳಬಾರದು. ನಾವೇ ಹಾಕಲಿಲ್ಲ. ಹೊಸದಾಗಿ ಸೇರಿದ ಯಾವನಾದರೂ ಹಾಕಿಕೊಂಡರೆ, ‘ಲೋಲಾಕು ಚೆನ್ನಾಗಿದೆ ಕಣಮ್ಮಾ’ ಎಂದು ಕೈಯಲ್ಲೇ ರೇಗಿಸುತ್ತಿದ್ದೆವು. ಆ ರೇಗಿಸುವ ಗುಂಪಿಗೆ ನಾನೇ ಮುಂದಾಳು. ಮಾಡಿದ್ದುಣ್ಣೋ ಮಹಾರಾಯ.

ಲಾಕ್‌ಡೌನಿನಲ್ಲಿ ಊರೆಲ್ಲ ಒಂದೇ ಮಾತು ಆಡುತ್ತಿತ್ತು: ಎಷ್ಟು ನಿಶ್ಶಬ್ದ ನೋಡಿ, ಯಲಹಂಕದ ವಿಮಾನ ಇಲ್ಲ, ರಿಂಗ್ ರೋಡಿನ ಲಾರಿ ಇಲ್ಲ, ಹಕ್ಕಿಗಳ ಕೂಗು ಹೇಗೆ ಕೇಳಿಸುತ್ತಿದೆ! ಎದುರುಮನೆಯ ಹೆಂಗಸು ತಾರಸಿಯ ಮೇಲೆ ನಿಂತು ಕೋಗಿಲೆಯ ಕಡೆ ಬೆರಳು ತೋರಿಸುತ್ತಿದ್ದಳು. ನಾನೂ ತಲೆ ಮೇಲೆತ್ತಿ, “ಆಹಾ, ಏನ್ ಕಂಠ!” ಅನ್ನುತ್ತಿದ್ದೆ. ಯಾವ ಕೋಗಿಲೆ, ಯಾವ ಕಂಠ? ಜನ ಸುಮ್ಮನೆ ಬೊಗಳೆ ಬಿಡುತ್ತಿದ್ದಾರೆ ಎಂದುಕೊಂಡಿದ್ದೆ. ಮೆಡಿಕಲ್ ಶಾಪಿನಿಂದ ವಾಪಸು ಬರುವಾಗ ಹೊಂಗೆಮರದ ಕೆಳಗೆ ಐದು ನಿಮಿಷ ನಿಂತು ಕಿವಿಗೊಟ್ಟೆ. ಕೊಂಬೆಯ ಮೇಲೆ ಹಕ್ಕಿ ಕೊಕ್ಕು ತೆರೆಯುವುದು ಕಾಣಿಸಿತು. ಅಷ್ಟೇ.

ಮನೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಎಂಟು ತಿಂಗಳ ಒಂದು ಕೂಸು ಕಾರಣ.

ನಮ್ಮ ಒಬ್ಬಳೇ ಮಗಳು ಬಾಣಂತನಕ್ಕೆ ಬಂದವಳು ನಮ್ಮಲ್ಲೇ ಇದ್ದಳು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ಏಳು ವರ್ಷ ಕಾಂಟ್ರಾಕ್ಟಿನಲ್ಲಿ ದುಡಿದು, ಆ ವರ್ಷವಷ್ಟೇ ಪರ್ಮನೆಂಟ್ ಆಗಿದ್ದಳು. ಅಳಿಯ ಬಳ್ಳಾರಿಯಲ್ಲಿ ಕೆಲಸಕ್ಕಿದ್ದು, ಜಿಲ್ಲೆ ದಾಟಲು ಪಾಸು ಸಿಗದೆ ಅಲ್ಲೇ ಉಳಿದಿದ್ದ. ಅಂಥ ಹೊತ್ತಿನಲ್ಲಿ ಆಸ್ಪತ್ರೆಯಿಂದ ಕರೆ ಬಂತು, ರಜೆ ಮುಗಿಯಿತು, ಲ್ಯಾಬಿಗೆ ಜನ ಸಾಲುತ್ತಿಲ್ಲ, ಬರಲೇಬೇಕು. ಹತ್ತು ದಿನ ಡ್ಯೂಟಿ, ಆಸ್ಪತ್ರೆಯ ಪಕ್ಕದ ಲಾಡ್ಜಿನಲ್ಲೇ ವಾಸ, ಆಮೇಲೆ ಐದು ದಿನ ಒಬ್ಬಳೇ ಇದ್ದು ಪರೀಕ್ಷೆ ಮಾಡಿಸಿಕೊಂಡು ಮನೆಗೆ.

ಆಗ ಎಲ್ಲರ ಬಾಯಲ್ಲೂ ‘ಮುಂದೇನು’ ಎಂಬ ಒಂದೇ ಪ್ರಶ್ನೆ. ಮಹಡಿಯ ಮೇಷ್ಟ್ರ ಕಾಲೇಜು ಮುಚ್ಚಿತ್ತು. ನನ್ನ ಜೊತೆ ದುಡಿದವರ ಮಕ್ಕಳು ಪೀಣ್ಯದ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು. ಅಂಥ ಕಾಲದಲ್ಲಿ ಕೈಗೆ ಸಿಕ್ಕಿದ ಕೆಲಸ ಬಿಟ್ಟರೆ ಮತ್ತೆ ಸಿಕ್ಕೀತೇ? “ನೀನು ಹೋಗು ತಾಯಿ, ಮಗೂನ ನಾವು ನೋಡ್ಕೋತೀವಿ” ಎಂದುಬಿಟ್ಟೆ. ಕಿವಿಯ ವಿಷಯ ಗೊತ್ತಾದರೆ ಅವಳು ಹೋಗುತ್ತಾಳೆಯೇ? ರಾಜೀನಾಮೆ ಬರೆದಿಟ್ಟು ಕೂಸಿನ ಪಕ್ಕ ಕೂತುಬಿಡುತ್ತಾಳೆ. ಇದು ಒಂದು ಭಯ.

ಇನ್ನೊಂದು ಭಯ ನನ್ನದೇ. ನಾನು ಚಿಕ್ಕವನಿದ್ದಾಗ ನಮ್ಮೂರ ಅರಳಿಕಟ್ಟೆಯ ಮೇಲೆ ಒಬ್ಬ ಕಿವುಡಜ್ಜ ಕೂರುತ್ತಿದ್ದ. ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಊಟದ ಹೊತ್ತಿಗೆ ಮಾತ್ರ ತೋಳು ಹಿಡಿದು ಎಬ್ಬಿಸುತ್ತಿದ್ದರು. ನನ್ನ ಮೊಮ್ಮಗಳು ಮಾತು ಕಲಿಯುವ ಹೊತ್ತಿಗೆ ನಾನು ಹಾಗೆ ಮೂಲೆಯಲ್ಲಿ ಕೂರಬೇಕೇ? ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡೆ.

ಮೊದಲ ಸುತ್ತು ಸುಸೂತ್ರವಾಗಿ ಮುಗಿಯಿತು. ಕೂಸನ್ನು ನೋಡಿಕೊಳ್ಳುವವಳು ಮನೆಯವಳು, ಆಟವಾಡಿಸುವವನು ನಾನು. ಎರಡನೆಯ ಸುತ್ತಿಗೆ ಮಗಳು ಹೋದ ಮಾರನೆಯ ದಿನವೇ ಮನೆಯವಳಿಗೆ ಜ್ವರ, ಕೆಮ್ಮು. ಆ ದಿನಗಳಲ್ಲಿ ಕೆಮ್ಮು ಎಂದರೆ ಮನೆಯಲ್ಲಿ ಹಾವು ಕಂಡ ಹಾಗೆ. ಅವಳು ಚಿಕ್ಕಜಾಲದ ಗಟ್ಟಿ ಹೆಂಗಸು, ತಾನೇ ಚಾಪೆ, ಚೊಂಬು, ಲೋಟ ಎತ್ತಿಕೊಂಡು ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಪರೀಕ್ಷೆಗೆ ಮೂಗಿನ ನೀರು ಕೊಟ್ಟಾಗಿತ್ತು, ಫಲಿತಾಂಶ ಬರಲು ವಾರ ಆಗಬಹುದು ಎಂದಿದ್ದರು. ಆ ಕೋಣೆಯ ಕಿಟಕಿಯೊಂದು ನಮ್ಮ ಹಜಾರದ ಕಡೆ ತೆರೆಯುತ್ತದೆ. ಅದರ ಸರಳುಗಳ ಹಿಂದೆ, ಮೂಗಿನವರೆಗೆ ಸೆರಗು ಕಟ್ಟಿಕೊಂಡು ಅವಳು ಕೂತಳು. ಅವಳ ತುಟಿಯೂ ಹೋಯಿತು!

ಆ ಸಂಜೆ ಮಗಳು ಸ್ಕೂಟರಿನಲ್ಲಿ ಬಂದು ಗೇಟಿನಾಚೆ ನಿಂತಳು. ದಿನಾ ಸಂಜೆ ಹಾಗೆ ಬಂದು ದೂರದಿಂದ ತನ್ನ ಕೂಸನ್ನು ನೋಡಿ ಹೋಗುತ್ತಿದ್ದಳು. ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ಕಿನ ಪರದೆ. ಹತ್ತು ನಿಮಿಷ ಕೈ ಆಡಿಸುತ್ತಾ ಏನೇನೋ ಹೇಳಿದಳು. ಹಾಲಿನ ಪುಡಿ ಎಷ್ಟು, ಹನಿ ಔಷಧ ಎಷ್ಟು, ಎಷ್ಟು ಹೊತ್ತಿಗೆ ಮಲಗಿಸಬೇಕು, ಅದೇ ಇರಬೇಕು. ನಾನು “ಹ್ಞೂಂ, ಹ್ಞೂಂ” ಎಂದು ತಲೆಯಾಡಿಸಿದ್ದೇ ಆಡಿಸಿದ್ದು. ಕೊನೆಗೆ, “ಎಲ್ಲಾ ಒಂದು ಚೀಟೀಲಿ ಬರ್ಕೊಟ್ಬಿಡಮ್ಮ, ವಯಸ್ಸಾಯ್ತು ನೋಡು, ಮರೆತು ಹೋಗುತ್ತೆ” ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟು, ದಪ್ಪ ಅಕ್ಷರದಲ್ಲಿ ಎಲ್ಲವನ್ನೂ ಬರೆದು ಗೇಟಿಗೆ ಸಿಕ್ಕಿಸಿದಳು. “ನಾನು ರಜೆ ಹಾಕ್ಲಾ?” ಎಂದು ಕೊನೆಯ ಸಾಲು. ನಾನು ಎರಡೂ ಕೈ ಅಲ್ಲಾಡಿಸಿ ಬೇಡ ಎಂದೆ. ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡು ಹೊರಟದ್ದು ನೋಡಿ, ಭಲೇ, ಎಂಥಾ ನಟ ನಾನು ಎಂದು ಒಳಗೊಳಗೇ ಬೀಗಿದೆ.

ಆಮೇಲೆ ಶುರುವಾಯಿತು ನನ್ನ ಕೆಲಸ. ಅರವತ್ತೆರಡು ವರ್ಷದ ಗಂಡಸು, ಅಲ್ಲಿಯವರೆಗೆ ಒಂದು ಲೋಟ ಕಾಫಿ ಕೂಡ ಸರಿಯಾಗಿ ಮಾಡಿದವನಲ್ಲ. ಕೂಸು ಅತ್ತರೆ ಕೇಳಿಸುವುದಿಲ್ಲ ಅಂದಮೇಲೆ ಕೂಸನ್ನು ಕಣ್ಣಳತೆಯಿಂದ ಆಚೆ ಬಿಡುವ ಹಾಗಿಲ್ಲ. ಅದಕ್ಕೆ ಅಡುಗೆಮನೆಯನ್ನೇ ಹಜಾರಕ್ಕೆ ತಂದೆ. ಅಟ್ಟದ ಮೇಲಿದ್ದ ಪುಟ್ಟ ಸಿಲಿಂಡರಿನ ಒಂಟಿ ಒಲೆ ಇಳಿಸಿ ಎತ್ತರದ ಕಟ್ಟೆಯ ಮೇಲಿಟ್ಟೆ. ಕೂಸಿನ ಚಾಪೆ ಗೋಡೆಯ ಪಕ್ಕ, ನನ್ನ ಮಣೆ ಅದರ ಎದುರು. ಹೆಸರುಬೇಳೆ ಆರಿಸುವುದೂ ಅಲ್ಲೇ, ತಟ್ಟೆ ತೊಳೆಯುವುದೂ ಅಲ್ಲೇ ಒಂದು ಬಕೆಟ್ಟಿನಲ್ಲಿ. ಮಜ್ಜಿಗೆ ಕಡೆಯುವಾಗಲೂ ಕತ್ತು ಕೂಸಿನ ಕಡೆಗೇ. ಮಜ್ಜಿಗೆ ಎಲ್ಲೆಲ್ಲಿ ಹಾರಿತು ಎಂದು ಕೇಳಬೇಡಿ.

ಮಲಗಿದ್ದಾಗ ಏನು ಮಾಡುವುದು? ಪ್ರೆಸ್ ಶಾಪಿನಲ್ಲಿ ಯಂತ್ರ ಕೆಟ್ಟರೆ ನಾವು ಶಬ್ದ ಕೇಳಿ ಹೇಳುತ್ತಿರಲಿಲ್ಲ, ಮೈಮೇಲೆ ಅಂಗೈ ಇಟ್ಟು ಹೇಳುತ್ತಿದ್ದೆವು. ಅದೇ ವಿದ್ಯೆ ಇಲ್ಲಿಗೂ ಬಂತು. ಮನೆಯವಳ ಹಳೆಯ ಸೀರೆಯ ಅಂಚು ಹರಿದು, ಒಂದು ತುದಿ ತೊಟ್ಟಿಲಿಗೆ, ಇನ್ನೊಂದು ನನ್ನ ಮುಂಗೈಗೆ ಕಟ್ಟಿಕೊಂಡೆ. ಕೂಸು ಮಗ್ಗುಲಾದರೆ ಒಂದು ಸಣ್ಣ ಎಳೆತ. ಎಚ್ಚರವಾದರೆ ಎರಡು. ಅತ್ತರೆ ಕೈಯೇ ಕಿತ್ತುಹೋಗುವಂತೆ ಜಗ್ಗುತ್ತಿತ್ತು. ಮೂರನೆಯ ದಿನಕ್ಕೆ ಹಸಿವಿನ ಅಳು ಯಾವುದು, ಒದ್ದೆಯ ಅಳು ಯಾವುದು ಎಂದು ಮುಂಗೈಗೇ ತಿಳಿಯತೊಡಗಿತು. ಸುಳ್ಳಲ್ಲ, ಬೇಕಾದರೆ ಆಣೆ ಹಾಕುತ್ತೇನೆ.

ಒಳಕೋಣೆಯಿಂದ ಮನೆಯವಳ ಮೇಲ್ವಿಚಾರಣೆ ನಡೆದೇ ಇತ್ತು. ಅವಳು ನನ್ನನ್ನು ಕರೆಯುತ್ತಿರಲಿಲ್ಲ, ಎಸೆಯುತ್ತಿದ್ದಳು. ಕಿಟಕಿಯ ಸರಳಿನ ಸಂದಿಯಿಂದ ಮುದುರಿದ ಟವೆಲ್ಲು ಬಂದು ಬೆನ್ನಿಗೆ ಬಿದ್ದರೆ ಹಾಲು ಉಕ್ಕುತ್ತಿದೆ ಎಂದರ್ಥ. ಒಂದು ಸಲ ನಿಂಬೆಹಣ್ಣು ಬಂದು ತಲೆಗೇ ಬಿತ್ತು. ತಿರುಗಿ ನೋಡಿದರೆ ಕುಕ್ಕರಿನ ಕಡೆ ಕೈ ತೋರಿಸಿ ಐದು ಬೆರಳು ಎತ್ತಿದ್ದಾಳೆ. ಐದು ಕೂಗು ಆಗಿಹೋಗಿದೆ, ಇಳಿಸಿ ಎಂದು. “ನಿನಗೇನು ಬಾಯಿ ಇಲ್ವಾ, ನಾನೇನು ಹಂದಿನಾ ಕಲ್ಲು ಹೊಡೆಯಕ್ಕೆ?” ಎಂದು ರೇಗಿದೆ. ಸೆರಗಿನ ಹಿಂದೆ ಅವಳು ನಗುತ್ತಿದ್ದಳು ಎಂದು ಭುಜ ಕುಲುಕುವುದರಿಂದ ಗೊತ್ತಾಯಿತು. ಇವಳ ಸೊಕ್ಕು ಮದುವೆಯಾದಾಗಿನಿಂದಲೂ ಹೀಗೇ, ಹಿಂದಿನಿಂದ ಕರೆದವಳೇ ಅಲ್ಲ, ಯಾವಾಗಲೂ ಬಂದು ಭುಜ ತಟ್ಟುವುದು, ಇಲ್ಲವೇ ಏನಾದರೂ ಎಸೆಯುವುದು.

ಆದರೆ ಆ ದಿನಗಳ ಸಂತೋಷವನ್ನು ಹೇಗೆ ಹೇಳಲಿ! ಮಗಳು ಬೆಳೆಯುವಾಗ ನಾನು ಶಿಫ್ಟುಗಳಲ್ಲಿ ಇದ್ದೆ. ಅವಳು ಎದ್ದಾಗ ನಾನು ಮಲಗಿದ್ದೆ, ಅವಳು ಮಲಗಿದಾಗ ನಾನು ಯಂತ್ರದ ಮುಂದೆ. ಅವಳು ಅಂಬೆಗಾಲಿಟ್ಟದ್ದು ಯಾವಾಗ, ಮೊದಲ ಹಲ್ಲು ಬಂದದ್ದು ಯಾವಾಗ, ನನಗೆ ಗೊತ್ತಿಲ್ಲ. ಈಗ ಮೊಮ್ಮಗಳ ಒಂದೊಂದು ರೆಪ್ಪೆ ಬಡಿಯುವುದೂ ನನ್ನ ಲೆಕ್ಕಕ್ಕೆ ಸಿಗುತ್ತಿತ್ತು. ಅಳು ಬರುವ ಮೊದಲು ಕೆಳತುಟಿ ಹೇಗೆ ಮಡಚಿಕೊಳ್ಳುತ್ತದೆ, ನಿದ್ದೆ ಬರುವ ಮುಂಚೆ ಬಲಗಿವಿಯನ್ನೇ ಯಾಕೆ ಎಳೆದುಕೊಳ್ಳುತ್ತಾಳೆ, ರಾಗಿ ಸರಿ ಬಿಸಿಯಿದ್ದರೆ ಮೂಗು ಹೇಗೆ ಸುಕ್ಕಾಗುತ್ತದೆ, ಎಲ್ಲ ಬಾಯಿಪಾಠ. ನಾನು ಅವಳ ಜೊತೆ ಕಾರ್ಖಾನೆಯ ಕೈಮಾತು ಆಡುತ್ತಿದ್ದೆ. ಮೀಸೆ ತಿರುವಿ ಒಳಕೋಣೆಯ ಕಿಟಕಿಯ ಕಡೆ ಕಣ್ಣು ಹೊಡೆದರೆ, ಅಂದರೆ ‘ಫೋರ್‌ಮನ್ ನೋಡ್ತಿದ್ದಾರೆ’ ಎಂದರೆ, ಆ ಬೊಚ್ಚುಬಾಯಿ ಅಷ್ಟಗಲ ಬಿಟ್ಟು ನಗುತ್ತಿದ್ದಳು. ಆ ನಗುವಿಗೆ ಶಬ್ದ ಇತ್ತೋ ಇಲ್ಲವೋ, ನನಗೇನು? ಹೊಟ್ಟೆ ಕುಣಿಯುವುದು ಕಾಣಿಸುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ಪುಟ್ಟ ಸಿಲಿಂಡರ್ ಖಾಲಿಯಾಯಿತು.

ಹಾಲು ಕಾಯಿಸಲೇಬೇಕು, ಕೂಸಿಗೆ ಹಸಿವು. ಒಳಗಿನ ಅಡುಗೆಮನೆಗೆ ಹೋಗದೆ ವಿಧಿಯಿರಲಿಲ್ಲ. ಕೂಸು ಚಾಪೆಯ ಮೇಲೆ ಕೂತು ಮರದ ಚಮಚವನ್ನು ಕಚ್ಚುತ್ತಿತ್ತು. ಎತ್ತಿಕೊಂಡು ಹೋದರೆ ಬೆಂಕಿಯ ಪಕ್ಕ ಒಂದೇ ಕೈಯಲ್ಲಿ ಏನು ಮಾಡಲಿ? ಹಾಲು ಉಕ್ಕುವಷ್ಟು ಹೊತ್ತು ತಾನೇ ಎಂದು ಹೋದೆ. ಎರಡು ಸಲ ಹಿಂತಿರುಗಿ ಬಂದು ಇಣುಕಿ ನೋಡಿದೆ, ಅಲ್ಲೇ ಇದ್ದಳು. ಮೂರನೆಯ ಸಲ ಹಾಲು ಇಳಿಸಿ ಬಂದು ನೋಡಿದೆ. ಚಾಪೆಯ ಮೇಲೆ ಚಮಚ ಮಾತ್ರ ಇತ್ತು.

ಅಯ್ಯೋ ಶಿವನೇ! ಮುಂಬಾಗಿಲು ಗಾಳಿಗೆಂದು ತೆರೆದಿತ್ತು. ಬಾಗಿಲಾಚೆ ಎರಡು ಮೆಟ್ಟಿಲು, ಮೆಟ್ಟಿಲ ಪಕ್ಕ ನೀರಿನ ಸಂಪು. ಸಂಪಿನ ಕಡೆ ಓಡಿದೆ. ಸಂಪಿನ ಮುಚ್ಚಳ ಮುಚ್ಚಿತ್ತು, ಮೇಲಿಟ್ಟ ರುಬ್ಬುಗುಂಡು ಹಾಗೇ ಇತ್ತು. ಆದರೂ ಗುಂಡು ಉರುಳಿಸಿ, ಮುಚ್ಚಳ ತೆಗೆದು ನೋಡಿದೆ. ನೀರಿನಲ್ಲಿ ನನ್ನ ಮುಖ ಬಿಟ್ಟರೆ ಏನಿಲ್ಲ. ಗೇಟು ನೋಡಿದೆ, ಹಾಕಿತ್ತು. ಮತ್ತೆ ಒಳಗೆ ಓಡಿ ಬಂದಾಗ ಹಜಾರದ ನೆಲದ ತುಂಬ ಸಾಮಾನು ಚೆಲ್ಲಾಡಿದ್ದು ಕಣ್ಣಿಗೆ ಬಿತ್ತು: ಕಷಾಯದ ಲೋಟ, ಬಾಚಣಿಗೆ, ಟವೆಲ್ಲು, ಎರಡು ನಿಂಬೆಹಣ್ಣು, ಒಂದು ಚಪ್ಪಲಿ. ಕಿಟಕಿಯಲ್ಲಿ ಮನೆಯವಳು ಇನ್ನೊಂದು ಚಪ್ಪಲಿ ಹಿಡಿದು ನಿಂತಿದ್ದಳು. ಸೆರಗು ಇಳಿದುಹೋಗಿತ್ತು, ಈಗ ತುಟಿ ಕಾಣುತ್ತಿತ್ತು. “ಇಲ್ಲೈತೆ ರೀ! ಬಾಗ್ಲತ್ರ ಐತೆ ಕೂಸು, ಬನ್ರೀ!”

ಹಜಾರದ ಮೂಲೆ ತಿರುಗಿದರೆ ಒಂದು ಸಣ್ಣ ಓಣಿ, ಅದರ ಕೊನೆಗೆ ಒಳಕೋಣೆಯ ಬಾಗಿಲು. ಕೂಸು ಅಜ್ಜಿಯನ್ನು ಹುಡುಕಿಕೊಂಡು ಅಂಬೆಗಾಲಿಟ್ಟು ಅಲ್ಲಿಯವರೆಗೆ ಹೋಗಿ, ಮುಚ್ಚಿದ ಬಾಗಿಲಿಗೆ ಅಂಗೈ ಬಡಿಯುತ್ತ ಕೂತಿತ್ತು. ಮುಖ ಕೆಂಪಾಗಿ, ಬಾಯಿ ಅಷ್ಟಗಲ ತೆರೆದು, ಕಣ್ಣೀರು ಕತ್ತಿನವರೆಗೆ ಇಳಿದಿತ್ತು. ಒಳಗಿನವಳು ಚಿಲಕ ತೆಗೆಯಲಾರದೆ, ತೆಗೆದರೆ ಕೂಸಿಗೆ ತನ್ನ ಜ್ವರ ಬಂದೀತೆಂದು, ಕಿಟಕಿಗೂ ಬಾಗಿಲಿಗೂ ಓಡಾಡಿ ಸುಸ್ತಾಗಿದ್ದಳು. ಎತ್ತಿಕೊಂಡೆ. ಎದೆಗೆ ಅವುಚಿಕೊಂಡರೆ ಆ ಪುಟ್ಟ ಬೆನ್ನು ಬಿಕ್ಕಿ ಬಿಕ್ಕಿ ನಡುಗುತ್ತಿತ್ತು.

ಏನೂ ಆಗಿರಲಿಲ್ಲ, ಒಂದು ತರಚು ಗಾಯವೂ ಇರಲಿಲ್ಲ. ಆದರೆ ಎಷ್ಟು ಹೊತ್ತು ಅತ್ತಳು? ನಾನು ನಾಲ್ಕು ಮಾರು ದೂರದಲ್ಲಿ ಹಾಲಿನ ಪಾತ್ರೆ ನೋಡುತ್ತ ನಿಂತಿದ್ದೆ, ಈ ಮನೆಯಲ್ಲಿ ಒಂದು ಕೂಸೂ ಒಬ್ಬ ಹೆಂಗಸೂ ಪ್ರಾಣ ಹೋಗುವ ಹಾಗೆ ಕೂಗಿಕೊಳ್ಳುತ್ತಿದ್ದರು, ನನಗೆ ತಿಳಿಯಲೇ ಇಲ್ಲ. ಹಜಾರದಲ್ಲಿ ಕೂತು ನಾನೂ ಅತ್ತೆ. ಮುಚ್ಚಿಡುವುದೇನಿದೆ? ಚೆನ್ನಾಗಿಯೇ ಅತ್ತೆ. ಕೂಸು ಆಗಲೇ ಸಮಾಧಾನವಾಗಿ ನನ್ನ ಕನ್ನಡಕ ಕೀಳುತ್ತಿತ್ತು.

ಸಂಜೆ ಮಗಳಿಗೆ ಹೇಳಿಬಿಡಬೇಕೆಂದು ತೀರ್ಮಾನಿಸಿದೆ. ಅವಳ ಕೆಲಸ ಹೋದರೆ ಹೋಗಲಿ. ನಾನು ಮೂಲೆ ಹಿಡಿಯಬೇಕಾದರೆ ಹಿಡಿಯುತ್ತೇನೆ. ಕೂಸಿಗಿಂತ ಹೆಚ್ಚು ಯಾವುದಿದೆ? ಆದರೂ ಮಧ್ಯಾಹ್ನ ಕೂಸಿಗೆ ರಾಗಿ ಸರಿ ತಿನ್ನಿಸುವಾಗ, ಇದೇ ಕೊನೆಯ ಸಲವೇನೋ ಎನ್ನಿಸಿ ಕೈ ತಡೆಯಿತು.

ಹೊತ್ತು ಮುಳುಗುವ ಮೊದಲೇ ಸ್ಕೂಟರ್ ಬಂತು. ಕೂಸನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತೆ.

“ನೋಡಮ್ಮಾ, ನಿನಗೊಂದು ವಿಷಯ ಹೇಳ್ಬೇಕು. ನಂಗೆ ಕಿವಿ ಕೇಳ್ಸಲ್ಲ. ಸುಮಾರು ವರ್ಷದಿಂದ ಕೇಳ್ಸಲ್ಲ. ನಿನಗೆ ಮೋಸ ಮಾಡ್ದೆ. ಇವತ್ತು ಮಗು ಅತ್ತಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಇನ್ನು ನನ್ನ ನಂಬಿ ಇವಳನ್ನ ಬಿಡ್ಬೇಡ.”

ಮೆಲ್ಲಗೆ ಹೇಳಿದೆನೆಂದುಕೊಂಡಿದ್ದೆ. ಕಿವುಡನ ಮೆಲುಮಾತು! ಎದುರುಮನೆಯ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಹೆಂಗಸು ನಿಂತು ನೋಡಿದಳು. ಮಹಡಿಯ ಮೇಷ್ಟ್ರು ಕಟಕಟೆಗೆ ಬಂದರು. ನನ್ನ ಗುಟ್ಟು ಇಡೀ ಬೀದಿಗೆ ಗೊತ್ತಾಯಿತೆಂದು ಕುಗ್ಗಿಹೋದೆ. ವಿಚಿತ್ರವೆಂದರೆ ಅವರಲ್ಲಿ ಒಬ್ಬರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಮೇಷ್ಟ್ರಂತೂ, ಕಡೆಗೂ ಹೇಳಿದಿರಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

ಮಗಳು ಹಿಂದೆ ಹಿಂದೆ ಹೆಜ್ಜೆ ಇಡುತ್ತ ರಸ್ತೆಯ ಆಚೆ ಬದಿಗೆ, ಹೊಂಗೆಮರದ ಕೆಳಗೆ ಹೋಗಿ ನಿಂತಳು. ಸಿಟ್ಟಾದಳು, ಹೊರಟೇಬಿಟ್ಟಳು ಎಂದುಕೊಂಡೆ. ಅಲ್ಲಿ ನಿಂತು ಪ್ಲಾಸ್ಟಿಕ್ ಪರದೆ ಎತ್ತಿ, ಎರಡೂ ಮಾಸ್ಕ್ ಇಳಿಸಿದಳು. ಆರು ದಿನದ ಮೇಲೆ ನನ್ನ ಮಗಳ ಮುಖ ಕಂಡೆ, ಮೂಗಿನ ಮೇಲೆ ಮಾಸ್ಕಿನ ಬರೆ ಕೆಂಪಗೆ ಕೂತಿತ್ತು. ಅವಳು ಮಾತಾಡಲು ಶುರುಮಾಡಿದಳು. ಧ್ವನಿಯೇ ಇಲ್ಲ, ಬರೀ ತುಟಿ. ಎದುರುಮನೆಯವಳು ಕತ್ತು ಚಾಚಿ ಚಾಚಿ ಸೋತದ್ದು ನೋಡಿ ಗೊತ್ತಾಯಿತು, ಅಲ್ಲಿ ನನ್ನೊಬ್ಬನಿಗಲ್ಲದೆ ಬೇರೆ ಯಾರಿಗೂ ಏನೂ ಕೇಳಿಸುತ್ತಿಲ್ಲ.

“ಅಪ್ಪಾ, ನಾನು ಒಂದನೇ ಕ್ಲಾಸಲ್ಲಿ ಇದ್ದಾಗ್ಲೇ ಅಮ್ಮ ಹೇಳ್ಕೊಟ್ಟಿದ್ಲು. ಅಪ್ಪನ್ನ ಹಿಂದಿನಿಂದ ಕರೀಬೇಡ, ಮುಂದೆ ಬಂದು ಮುಖ ತೋರಿಸಿ ಮಾತಾಡು ಅಂತ. ಅವತ್ತಿಂದ ಹಂಗೇ ಮಾತಾಡ್ತಿದ್ದೀನಿ. ನಿಮಗೆ ಗೊತ್ತಿಲ್ಲ ಅಷ್ಟೇ.”

ನಾನು ತಿರುಗಿ ನೋಡಿದೆ. ಹಜಾರದ ಆಚೆ, ಒಳಕೋಣೆಯ ಕಿಟಕಿಯ ಹಿಂದೆ ಮನೆಯವಳು ಏನೂ ಗೊತ್ತಿಲ್ಲದವಳ ಹಾಗೆ ಸೂರು ನೋಡುತ್ತಿದ್ದಳು. ಕಳ್ಳಿ! ಇಪ್ಪತ್ತೈದು ವರ್ಷ ಒಂದು ಮನೆ, ಒಂದು ಬೀದಿ ನನ್ನ ಕಿವುಡಿಗೆ ತಕ್ಕ ಹಾಗೆ ನಡೆದುಕೊಂಡೇ ಬಂದಿತ್ತು, ನಾನು ಮಾತ್ರ ನನ್ನ ಕಿವಿ ಹಾವಿನ ಕಿವಿ ಎಂದುಕೊಂಡು ಮೆರೆದಿದ್ದೆ.

“ಗೊತ್ತಿದ್ದೂ ಮಗೂನ ನನ್ನ ಹತ್ರ ಬಿಟ್ಯಾ?” ನಾನೂ ಧ್ವನಿ ತೆಗೆಯದೆ, ಬರೀ ತುಟಿಯಲ್ಲಿ ಕೇಳಿದೆ.

“ಅಮ್ಮ ಮಧ್ಯಾಹ್ನಾನೇ ಫೋನ್ ಮಾಡಿದ್ಲು. ಎಲ್ಲಾ ಹೇಳಿದ್ಲು. ಎರಡು ನಿಮಿಷನೂ ಆಗಿರ್ಲಿಲ್ಲಂತೆ.” ಅವಳು ಮುಂಗೈಯಿಂದ ಕಣ್ಣು ಒರೆಸಿಕೊಂಡಳು. “ನಂಗೂ ಹೆದ್ರಿಕೆ ಆಯ್ತಪ್ಪಾ. ಲ್ಯಾಬಲ್ಲಿ ಕೈಕಾಲೇ ಆಡ್ಲಿಲ್ಲ. ರಾಜೀನಾಮೆ ಬರೆಯೋಣ ಅಂತ ಪೇಪರ್ ಕೂಡ ತಗೊಂಡೆ. ಆಮೇಲೆ ಯೋಚನೆ ಮಾಡ್ದೆ. ಯಾರ ಹತ್ರ ಬಿಟ್ಟಿದ್ರೆ ನನಗೆ ನೆಮ್ಮದಿ ಇರ್ತಿತ್ತು? ಕಿವಿ ಕೇಳೋರು ಏನ್ ಮಾಡ್ತಾರೆ ಗೊತ್ತಾ? ಮಗೂನ ಒಂದು ರೂಮಲ್ಲಿ ಬಿಟ್ಟು, ಅತ್ರೆ ಗೊತ್ತಾಗುತ್ತೆ ಬಿಡು ಅಂತ ಇನ್ನೊಂದು ರೂಮಲ್ಲಿ ಟಿವಿ ನೋಡ್ತಾರೆ. ನಾನೇ ಹಂಗೆ ಮಾಡ್ತಿದ್ದೆ. ನೀವು ಆರು ದಿನದಿಂದ ಅವಳ ಮೇಲಿಂದ ಕಣ್ಣು ತೆಗೆದಿಲ್ವಂತೆ. ಅವಳು ಅಳೋಕೆ ಮುಂಚೇನೇ ನೀವು ಎದ್ದು ನಿಂತಿರ್ತೀರಂತೆ. ಅಮ್ಮ ಕಿಟಕಿಯಿಂದ ಎಲ್ಲಾ ನೋಡಿದ್ದಾಳೆ.”

ಕೂಸು ಅಮ್ಮನ ಬರಿಯ ಮುಖ ಕಂಡು ನನ್ನ ತೋಳಿನಲ್ಲಿ ಎಗರಾಡುತ್ತಿತ್ತು. ಅದನ್ನು ಹಿಡಿಯುವುದೇ ಸಾಹಸವಾಗಿತ್ತು.

“ನಾಳೆ ಹೊಸ ಸಿಲಿಂಡರ್ ತರಿಸ್ತೀನಿ,” ಎಂದವು ಅವಳ ತುಟಿಗಳು. “ಆ ಓಣಿಗೊಂದು ಅಡ್ಡಹಲಗೆ ಇಡಿ. ಮುಂಬಾಗಿಲು ಹಾಕ್ಕೊಂಡಿರಿ. ಈ ಗಲಾಟೆ ಎಲ್ಲಾ ಮುಗಿದ್ಮೇಲೆ ಕಿವಿ ಡಾಕ್ಟ್ರ ಹತ್ರ ಹೋಗೋಣ, ಹಟ ಮಾಡ್ಬಾರ್ದು.” ಆಮೇಲೆ ಮಾಸ್ಕ್ ಮೇಲೇರಿಸಲು ಕೈ ಹಾಕಿದವಳು, ಅರ್ಧಕ್ಕೆ ನಿಲ್ಲಿಸಿ, ನಾನು ನೋಡುತ್ತಿದ್ದೇನೆಯೇ ಎಂದು ಖಚಿತಪಡಿಸಿಕೊಂಡು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ನಾನು ಕೆಲಸ ಬಿಡಲ್ಲ ಅಪ್ಪಾ. ನೀವೂ ಬಿಡ್ಬೇಡಿ.”

ಸ್ಕೂಟರ್ ಹತ್ತಿ ಹೆಬ್ಬಾಳದ ಕಡೆಗೆ ಹೊರಟುಹೋದಳು. ಕೂಸಿಗೆ ಹಸಿವಾಗುವ ಹೊತ್ತಾಗಿತ್ತು. ಮುಂಬಾಗಿಲು ಹಾಕಿ, ಅವಳನ್ನು ಕಂಕುಳಿಗೆ ಹಾಕಿಕೊಂಡು, ರಾಗಿ ಸರಿಗೆ ನೀರಿಡಲು ಒಳಗೆ ಹೋದೆ.